ಹೆಂಡತಿಗೆ ಪಿಸ್ತೂಲು ಕೊಡಿಸುವವರಿಗೆ

ಕನ್ನಡದಲ್ಲಿ ‘ಕೊಡಿಸು’ ಎಂಬ ಕ್ರಿಯಾಪದವೊಂದಿದೆ. ಗಂಡ ಹೆಂಡತಿಗೆ ಸೀರೆ ಕೊಡಿಸುತ್ತಾನೆ, ಬಳೆ ಕೊಡಿಸುತ್ತಾನೆ, ಮಗಳಿಗೆ ಸೈಕಲ್ಲು ಕೊಡಿಸುತ್ತಾನೆ. ಕೊಡಿಸುವವನ ಕೈಯಲ್ಲಿ ಹಣವೂ ಇರುತ್ತದೆ, ಆಯ್ಕೆಯೂ ಇರುತ್ತದೆ. ಪಡೆಯುವವಳ ಪಾಲಿಗೆ ಸಂತೋಷಪಡುವ ಕರ್ತವ್ಯವೊಂದು ಉಳಿಯುತ್ತದೆ. ಸೀರೆಯ ವಿಷಯದಲ್ಲಿ ಇದರಿಂದಾಗುವ ಅನಾಹುತ ದೊಡ್ಡದಲ್ಲ. ಬೀರುವಿನ ತಳದಲ್ಲಿ ಉಡದ ಸೀರೆಯೊಂದು ಹೆಚ್ಚಾಗುತ್ತದೆ, ಅಷ್ಟೆ. ಆದರೆ ಕೆಲವು ವರ್ಷಗಳಿಂದ ಈ ಕ್ರಿಯಾಪದವು ಹೊಸದೊಂದು ಕರ್ಮಪದದೊಡನೆ ನನ್ನ ಬಳಿಗೆ ಬರುತ್ತಿದೆ. ‘ಮೇಡಂ, ನೀವು ಶೂಟಿಂಗ್ ಮಾಡ್ತೀರಂತಲ್ಲ? ನಮ್ಮ ಮನೆಯವರಿಗೆ ಒಂದು ಪಿಸ್ತೂಲು ಕೊಡಿಸೋಣ ಅಂತ. ಚಿಕ್ಕದಾಗಿ, ಹಗುರವಾಗಿ ಇರೋದು ಯಾವುದಿದೆ ಹೇಳಿ.’

ಹೀಗೆ ಕೇಳುವವರು ದೆಹಲಿಯ ನಮ್ಮವರೇ. ಬ್ಯಾಂಕಿನವರು, ಮಂತ್ರಾಲಯಗಳಲ್ಲಿ ನನ್ನಂತೆ ಕಡತ ನೋಡುವವರು, ಗುರುಗ್ರಾಮದ ಕಂಪನಿಗಳಲ್ಲಿ ದುಡಿಯುವವರು. ಎಲ್ಲರೂ ಸಜ್ಜನರು, ಹೆಂಡತಿಯ ಸುರಕ್ಷತೆಯ ಬಗ್ಗೆ ಅವರಿಗಿರುವ ಆತಂಕ ನಾಟಕವಲ್ಲ. ಆದರೂ ಒಬ್ಬರಾದರೂ ‘ಅವಳೇ ಕೇಳಿದಳು’ ಎಂದಿಲ್ಲ. ಎಷ್ಟೋ ಸಲ ಆ ‘ಮನೆಯವರು’ ಪಕ್ಕದಲ್ಲಿಯೇ ನಿಂತು ತಟ್ಟೆಯಲ್ಲಿನ ಬಿಸಿಬೇಳೆ ಬಾತನ್ನು ನೋಡುತ್ತಿರುತ್ತಾರೆ.

ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಪ್ರಶ್ನೆಯೊಡನೆ ಜಗಳವಾಡುತ್ತೇನೆ. ಆಯುಧವನ್ನು ಆರಿಸಬೇಕಾದದ್ದು ಅದನ್ನು ಹಿಡಿಯುವ ಕೈ. ‘ಹೆಂಗಸರ ಪಿಸ್ತೂಲು’ ಎಂಬುದು ಹೆಂಗಸರ ಕೈಯಿಂದ ಹುಟ್ಟಿದ ವಸ್ತುವಲ್ಲ, ಗಂಡಸರ ಕಲ್ಪನೆಯಿಂದ ಹುಟ್ಟಿದ್ದು. ಆ ಕಲ್ಪನೆಗೆ ಕಾನೂನಿನ ಬೆಂಬಲವಿಲ್ಲ, ಭೌತಶಾಸ್ತ್ರದ ಬೆಂಬಲವಂತೂ ಇಲ್ಲವೇ ಇಲ್ಲ.

ಕಡತಗಳ ನಡುವೆ ಬದುಕುವವಳಾದ್ದರಿಂದ ಕಾನೂನಿನಿಂದಲೇ ತೊಡಗುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದ ವ್ಯಕ್ತಿ ಬಂದೂಕನ್ನು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಪರವಾನಗಿ ವ್ಯಕ್ತಿಗೆ ಸೇರಿದ್ದು, ಸಂಸಾರಕ್ಕಲ್ಲ. ಗಂಡನ ಲೈಸೆನ್ಸಿನ ಬಲದಿಂದ ಹೆಂಡತಿ ತನ್ನ ಚೀಲದಲ್ಲಿ ರಿವಾಲ್ವರ್ ಇಟ್ಟುಕೊಂಡು ಓಡಾಡಿದರೆ ಅದು ಪ್ರೀತಿಯ ಕಾಣಿಕೆಯಾಗುವುದಿಲ್ಲ, ಇಬ್ಬರಿಗೂ ಸಂಕಟ ತರುವ ಅಪರಾಧವಾಗುತ್ತದೆ. ಅರ್ಜಿ ಅವಳ ಹೆಸರಿನಲ್ಲಿ ಇರಬೇಕು, ಪೊಲೀಸ್ ವಿಚಾರಣೆ ಅವಳದಾಗಬೇಕು. 2016ರ ನಿಯಮಗಳು ಬಂದ ಮೇಲೆ ಆಯುಧವನ್ನು ಸುರಕ್ಷಿತವಾಗಿ ನಿರ್ವಹಿಸುವ ತರಬೇತಿಯ ಪ್ರಮಾಣಪತ್ರವೂ ಅವಳದೇ ಬೇಕು. ಪಿಸ್ತೂಲು, ರಿವಾಲ್ವರುಗಳಿಗೆ ಕಾಯಿದೆಯು ‘ಸಕಾರಣ’ವನ್ನು ಕೇಳುತ್ತದೆ. ಆ ಕಾರಣವನ್ನು ಹೇಳಬೇಕಾದವಳೂ ಅವಳೇ. ‘ನಮ್ಮ ಯಜಮಾನರಿಗೆ ಕೊಡಿಸಬೇಕೆನಿಸಿತು’ ಎಂಬುದು ಜಿಲ್ಲಾಧಿಕಾರಿಯಾಗಲಿ, ದೆಹಲಿಯಲ್ಲಿ ಪೊಲೀಸ್ ಲೈಸೆನ್ಸಿಂಗ್ ಶಾಖೆಯಾಗಲಿ ಒಪ್ಪುವ ಸಕಾರಣವಲ್ಲ.

ಇದೇ ಕಾಯಿದೆಯ 14ನೆಯ ಕಲಮಿನಲ್ಲಿ ಹೆಚ್ಚು ಜನ ಓದದ ಒಂದು ಉಪವಿಧಿಯಿದೆ. ಅರ್ಜಿದಾರರ ಬಳಿ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸಬಾರದು ಎನ್ನುತ್ತದೆ ಅದು. ಮನೆ, ಹೊಲ, ಸೈಟು ಎಲ್ಲವೂ ಗಂಡಸರ ಹೆಸರಿನಲ್ಲಿರುವ ನಮ್ಮ ಸಮಾಜದಲ್ಲಿ ಈ ವಿಧಿಯ ಬೆಲೆ ಸಣ್ಣದಲ್ಲ. ಕೊಡಿಸಲು ಹೊರಟಿರುವ ಮಹನೀಯರಿಗಿಂತ 1959ರಷ್ಟು ಹಳೆಯದಾದ ಈ ಕಾಯಿದೆಯೇ ಹೆಣ್ಣನ್ನು ಸ್ವತಂತ್ರ ವ್ಯಕ್ತಿಯೆಂದು ಕಾಣುತ್ತದೆ.

ಕಾನೂನು ಹೀಗಿದ್ದರೂ ಅಂಗಡಿಯ ರೀತಿ ಬೇರೆ. ನನ್ನ ಬಳಿ .22 ಬೋರಿನ ಪಿಸ್ತೂಲಿಗೆ ಪರವಾನಗಿಯಿದೆ, ಕ್ರೀಡೆಯ ಉದ್ದೇಶಕ್ಕೆ. ಅದನ್ನು ಕೊಳ್ಳಲು ಹೋದಾಗ ನಮ್ಮವರು ಜೊತೆಗೆ ಬಂದಿದ್ದರು. ಅವರಿಗೆ ಈ ವಿಷಯದಲ್ಲಿ ಆಸಕ್ತಿಯೂ ಇಲ್ಲ, ತಿಳಿವಳಿಕೆಯೂ ಇಲ್ಲ, ಕಾರು ಓಡಿಸಲು ಬಂದಿದ್ದರು. ಲೈಸೆನ್ಸ್ ಪುಸ್ತಕವನ್ನು ಗಾಜಿನ ಮೇಜಿನ ಮೇಲೆ ಇಟ್ಟವಳು ನಾನು. ಪ್ರಶ್ನೆ ಕೇಳಿದವಳೂ ನಾನು. ಅಂಗಡಿಯಾತ ಪ್ರತಿಯೊಂದು ಉತ್ತರವನ್ನೂ ನನ್ನ ಪತಿಗೆ ಕೊಟ್ಟ. ಹಿಡಿಕೆಯ ಅಳತೆ ಕೇಳಿದರೆ, ‘ಸಾಬ್, ಮೇಡಂಗೆ ಇದು ಚೆನ್ನಾಗಿ ಒಪ್ಪುತ್ತೆ’ ಎಂದ. ಒಪ್ಪುವುದು ಎಂದರೆ ಏನರ್ಥ? ಕಿವಿಯೋಲೆ ಮುಖಕ್ಕೆ ಒಪ್ಪಬೇಕು. ಪಿಸ್ತೂಲು ಅಂಗೈಗೆ ಕೂರಬೇಕು, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೇರವಾಗಿ ಬರಬೇಕು. ಅದನ್ನು ನೋಡಲು ನನ್ನ ಕೈ ಬೇಕೇ ಹೊರತು ನನ್ನ ಗಂಡನ ಕಣ್ಣಲ್ಲ.

ಈ ಒಡವೆ ಅಂಗಡಿಯ ಮನೋಭಾವ ಆ ಒಬ್ಬ ವ್ಯಾಪಾರಿಯದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದಕ್ಕೆ ಸರ್ಕಾರದ ಮುದ್ರೆಯೂ ಬಿದ್ದಿದೆ. 2012ರ ಡಿಸೆಂಬರ್ ತಿಂಗಳಲ್ಲಿ ಈ ನಗರದಲ್ಲಿ ಚಲಿಸುವ ಬಸ್ಸಿನಲ್ಲಿ ಏನಾಯಿತು ಎಂಬುದನ್ನು ಬಳಗದ ಓದುಗರಿಗೆ ನೆನಪಿಸಬೇಕಿಲ್ಲ. ಅದಾದ ಒಂದು ವರ್ಷಕ್ಕೆ, 2014ರ ಜನವರಿಯಲ್ಲಿ, ಕಾನಪುರದ ಸರ್ಕಾರಿ ಶಸ್ತ್ರ ಕಾರ್ಖಾನೆ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಮಾರುಕಟ್ಟೆಗೆ ಬಿಟ್ಟಿತು. .32 ಬೋರು, ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಬೆಲೆ 1,22,360 ರೂಪಾಯಿ. ಸತ್ತುಹೋದ ಹುಡುಗಿಗೆ ಪತ್ರಿಕೆಗಳು ಕೊಟ್ಟಿದ್ದ ಹೆಸರಿನ ಸಮಾನಾರ್ಥಕ ಪದವನ್ನೇ ಆಯ್ದು ಆಯುಧಕ್ಕೆ ಇಟ್ಟರು. ಭಾರತದ ಹೆಂಗಸರಿಗಾಗಿಯೇ ತಯಾರಾದ ಮೊದಲ ಬಂದೂಕು ಎಂದು ಪ್ರಚಾರವಾಯಿತು. ಅದು ಬರುತ್ತಿದ್ದುದು ಮರೂನ್ ಬಣ್ಣದ, ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ.

ಆ ಪೆಟ್ಟಿಗೆಯ ಬಗ್ಗೆ ಯಾರೂ ಸಾಕಷ್ಟು ಸಿಟ್ಟಾಗಲಿಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ. ಬಂದೂಕು ಹಿಂಸೆಯ ವಿರುದ್ಧ ಮಣಿಪುರದ ಹೆಂಗಸರನ್ನು ಸಂಘಟಿಸಿದ ಬಿನಲಕ್ಷ್ಮಿ ನೇಪ್ರಾಮ್ ಅವರು ಆಗಲೇ ಇದನ್ನು ಬಹಿರಂಗವಾಗಿ ಖಂಡಿಸಿದ್ದರು. ಅವರ ವಾದ ಮುಖ್ಯವಾಗಿ ಹೆಸರಿನ ಕುರಿತು, ಸರ್ಕಾರದ ಹೊಣೆಗೇಡಿತನದ ಕುರಿತು ಇತ್ತು. ಅದು ಸರಿಯಾದ ವಾದವೇ. ನಾನು ಪೆಟ್ಟಿಗೆಯನ್ನು ಹಿಡಿದುಕೊಳ್ಳುತ್ತೇನೆ. ಒಡವೆಯ ಪೆಟ್ಟಿಗೆಯನ್ನು ಹೆಂಗಸು ತನಗೆ ತಾನೇ ಕೊಂಡುಕೊಳ್ಳುವಳೆಂದು ತಯಾರಿಸಿದವರು ಭಾವಿಸಿರಲಾರರು. ಅದು ಯಾರೋ ತೆರೆದು ತೋರಿಸಬೇಕಾದ ಪೆಟ್ಟಿಗೆ. ಖರೀದಿದಾರ ಗಂಡಸು, ಗಿರಾಕಿಯ ಹೆಸರು ಮಾತ್ರ ಹೆಂಗಸಿನದು. ಬೆಲೆಯನ್ನೂ ನೋಡಿ. ಎರಡು ತಿಂಗಳ ಮೂಲವೇತನಕ್ಕೆ ಮೀರಿದ ಚರಾಸ್ತಿ ಕೊಂಡರೆ ನನ್ನಂಥ ನೌಕರರು ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ಆಗಿನ ವೇತನದಲ್ಲಿ ಕೇಂದ್ರ ಸರ್ಕಾರದ ಒಬ್ಬ ಗುಮಾಸ್ತೆ ಈ ‘ನಿರ್ಭೀತಿ’ಯನ್ನು ಕೊಂಡಿದ್ದರೆ ವಿವರಣೆ ಬರೆದುಕೊಡಬೇಕಾಗುತ್ತಿತ್ತು. ಕೊನೆಯ ಬಸ್ಸಿನಲ್ಲಿ ಮನೆಗೆ ಮರಳುವ ನರ್ಸಿನ ಮಾತು ಬಿಡಿ.

ಈಗ ತೂಕದ ವಿಷಯಕ್ಕೆ ಬರೋಣ. ಎಲ್ಲ ತಪ್ಪುಗಳ ಮೂಲ ಇದು. ಹೆಂಗಸಿನ ಕೈ ಚಿಕ್ಕದು, ಆದ್ದರಿಂದ ಚಿಕ್ಕ ಪಿಸ್ತೂಲು. ಹೆಂಗಸಿಗೆ ಶಕ್ತಿ ಕಡಿಮೆ, ಆದ್ದರಿಂದ ಹಗುರ ಪಿಸ್ತೂಲು. ಕೇಳಲು ತರ್ಕಬದ್ಧವಾಗಿಯೇ ಇದೆ. ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆದರೆ ಈ ತರ್ಕ ತಲೆಕೆಳಗಾಗುತ್ತದೆ. ಗುಂಡು ಮುಂದಕ್ಕೆ ಎಷ್ಟು ಸಂವೇಗವನ್ನು ಒಯ್ಯುತ್ತದೆಯೋ ಅಷ್ಟೇ ಸಂವೇಗ ಬಂದೂಕಿನಲ್ಲಿ ಹಿಂದಕ್ಕೆ ಬರುತ್ತದೆ. ತೋಟಾ ಒಂದೇ ಆಗಿದ್ದು, ಬಂದೂಕಿನ ತೂಕವನ್ನು ಅರ್ಧಕ್ಕೆ ಇಳಿಸಿದರೆ ಅದು ಹಿಮ್ಮುಖವಾಗಿ ಚಿಮ್ಮುವ ವೇಗ ಎರಡು ಪಟ್ಟಾಗುತ್ತದೆ. ಅಂಗೈಗೆ ತಗಲುವ ಒದೆತದ ಶಕ್ತಿಯೂ ಎರಡು ಪಟ್ಟಾಗುತ್ತದೆ. ಒಂದು ಕಿಲೋ ತೂಗುವ ಉಕ್ಕಿನ ರಿವಾಲ್ವರ್ ತಾನೇ ಅರಗಿಸಿಕೊಳ್ಳುವ ಪೆಟ್ಟನ್ನು ಅರ್ಧ ಕಿಲೋದ ರಿವಾಲ್ವರ್ ಹಿಡಿದವಳ ಮಣಿಕಟ್ಟಿಗೆ ದಾಟಿಸುತ್ತದೆ. ನಿಜ, ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ದೊರೆಯುವ .32 ತೋಟಾ ಸಾಧು ಸ್ವಭಾವದ್ದು. ಅಮೆರಿಕದವರು ಚರ್ಚಿಸುವ 9 ಎಂಎಂ ಇಲ್ಲಿ ನಿಷಿದ್ಧ ಬೋರು. ಆದರೂ ಮೊದಲ ಬಾರಿ ಗುಂಡು ಹಾರಿಸುವವಳಿಗೆ ಒದೆತ ಎನ್ನುವುದು ಅಂಕೆಯಲ್ಲ, ಅನುಭವ.

ಮತ್ತೆ ಟ್ರಿಗರ್. ಕುದುರೆಯನ್ನು ಕೈಯಿಂದ ಎಳೆಯದೆ, ಬರೀ ಟ್ರಿಗರ್ ಒತ್ತಿ ಹಾರಿಸಬೇಕಾದರೆ ಸಣ್ಣ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಕಿಲೋ ಎಳೆತ ಬೇಕಾಗುತ್ತದೆ. ಅರ್ಧ ಕಿಲೋ ತೂಗುವ ವಸ್ತುವನ್ನು ಅದರ ಎಂಟು ಹತ್ತು ಪಟ್ಟು ಬಲದಿಂದ ಎಳೆಯುತ್ತ ಅದರ ಮೂತಿ ಅಲುಗದಂತೆ ಹಿಡಿಯಬೇಕು! ವರ್ಷಗಟ್ಟಲೆ ಸಾಧನೆ ಮಾಡಿದವರಿಗೂ ಇದು ಕಷ್ಟ. ನಳಿಗೆ ಚಿಕ್ಕದಾದಷ್ಟೂ ಇನ್ನೊಂದು ಸಮಸ್ಯೆ. ಹಿಂಬದಿಯ ಸೈಟು ಮತ್ತು ತುದಿಯ ಸೈಟಿನ ನಡುವೆ 10 ಸೆಂಟಿಮೀಟರ್ ಅಂತರವಿದ್ದು, ಅವು ಒಂದು ಮಿಲಿಮೀಟರ್ ತಪ್ಪಿ ಕೂತರೂ ಹತ್ತು ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. ಆ ಅಂತರ 20 ಸೆಂಟಿಮೀಟರ್ ಆಗಿದ್ದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಚಿಕ್ಕ ಪಿಸ್ತೂಲು ನುರಿತವರ ಆಯುಧ. ಅದನ್ನು ಹೊಸಬಳ ಕೈಗೆ ಕೊಡುವುದೆಂದರೆ ಸಂಗೀತ ಕಲಿಯಲು ಬಂದವಳಿಗೆ ಸರಳೆ ವರಸೆ ಬಿಟ್ಟು ನೇರವಾಗಿ ಪಲ್ಲವಿ ಹಾಡಲು ಹೇಳಿದಂತೆ.

ಇದರ ಫಲವನ್ನು ರೇಂಜಿನಲ್ಲಿ ಅನೇಕ ಬಾರಿ ಕಂಡಿದ್ದೇನೆ. ಉತ್ಸಾಹದ ಗಂಡ, ಕೈಗೆ ಮೊದಲ ದಿನವೇ ಪುಟ್ಟ ರಿವಾಲ್ವರ್. ಮೊದಲ ಗುಂಡಿಗೆ ಅವಳು ಬೆಚ್ಚುತ್ತಾಳೆ. ಎರಡನೆಯದಕ್ಕೆ ಮುಂಚೆಯೇ ಕಣ್ಣು ಮುಚ್ಚುತ್ತಾಳೆ. ಮೂರನೆಯದಕ್ಕೆ ಟ್ರಿಗರ್ ಒತ್ತುವ ಮೊದಲೇ ಮಣಿಕಟ್ಟು ಕೆಳಗೆ ಬಾಗಿರುತ್ತದೆ. ಶೂಟಿಂಗಿನಲ್ಲಿ ಈ ಬೆಚ್ಚುವಿಕೆಗಿಂತ ಕೆಟ್ಟ ಚಟವಿಲ್ಲ. ಮೂರೇ ಗುಂಡಿಗೆ ಅಂಟುತ್ತದೆ, ಬಿಡಿಸಲು ಮೂರು ತಿಂಗಳು ಸಾಲದು. ಹಿಂದೆ ನಿಂತ ಗಂಡ ನಕ್ಕು, ‘ಹೆಂಗಸರಿಗೆ ಇದೆಲ್ಲ ಆಗಿಬರೋಲ್ಲ’ ಎನ್ನುತ್ತಾನೆ. ತಪ್ಪಾದ ಪ್ರಯೋಗ ಮಾಡಿ, ಅದರಿಂದ ಇಡೀ ಸ್ತ್ರೀಕುಲದ ಬಗ್ಗೆ ಸಿದ್ಧಾಂತ ಮಂಡಿಸುವ ಈ ವಿಜ್ಞಾನಿಗಳ ಆತ್ಮವಿಶ್ವಾಸಕ್ಕೆ ಏನೆನ್ನಬೇಕು!

ಹೆಂಗಸಿನ ಕೈಗೆ ಭಾರವಾದ ಪಿಸ್ತೂಲು ಆಗದು ಎನ್ನುವವರು ಒಲಿಂಪಿಕ್ಸ್ ನಿಯಮಾವಳಿಯನ್ನು ಒಮ್ಮೆ ತೆರೆದು ನೋಡಬೇಕು. ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಆಯುಧದ ಗರಿಷ್ಠ ತೂಕ 1500 ಗ್ರಾಂ, ಟ್ರಿಗರಿನ ಕನಿಷ್ಠ ಎಳೆತ 500 ಗ್ರಾಂ. ಗಂಡಸರಿಗೂ ಇದೇ, ಹೆಂಗಸರಿಗೂ ಇದೇ. 2018ರಿಂದ ಗುಂಡುಗಳ ಸಂಖ್ಯೆಯೂ ಸಮ, ಇಬ್ಬರಿಗೂ 60. ಅದಕ್ಕೆ ಮೊದಲು ಹೆಂಗಸರಿಗೆ 40 ಇತ್ತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್, 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದ ಕೊಲ್ಹಾಪುರದ ರಾಹಿ ಸರ್ನೋಬತ್, ಇವರಿಗೆ ಯಾರೂ ಗುಲಾಬಿ ಬಣ್ಣದ ಪಿಸ್ತೂಲು ತಂದುಕೊಡಲಿಲ್ಲ. ರಾಹಿಯವರ ಸ್ಪರ್ಧೆಯಲ್ಲಿ ಬಳಸುವ .22 ಪಿಸ್ತೂಲು 1400 ಗ್ರಾಂ ತನಕ ತೂಗಬಹುದು. ಅದನ್ನು ಒಂದೇ ಕೈಯಲ್ಲಿ, ತೋಳು ಪೂರ್ತಿ ಚಾಚಿ ಹಿಡಿಯಬೇಕು. ಅಷ್ಟಕ್ಕೂ ಸೊಂಟದ ಮೇಲೆ ನೀರಿನ ಕೊಡ, ತೋಳಿನಲ್ಲಿ ಹತ್ತು ಕಿಲೋ ಕೂಸು ಹೊತ್ತು ಮೆಟ್ಟಿಲು ಹತ್ತುವ ಜೀವಕ್ಕೆ ಒಂದು ಕಿಲೋ ಉಕ್ಕು ಭಾರವೆಂದು ನಿರ್ಧರಿಸಿದವರಾರು?

ಗುಲಾಬಿ ಬಣ್ಣ ಎಂದದ್ದು ವ್ಯಂಗ್ಯಕ್ಕಲ್ಲ. ‘ಹೆಂಡತಿಗೊಂದು ಮೊದಲ ಪಿಸ್ತೂಲು’ ಎಂಬ ಈ ಇಡೀ ಆಲೋಚನೆಯ ತವರು ಅಮೆರಿಕ. ಅಲ್ಲಿನ ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1902ರಲ್ಲಿಯೇ ‘ಲೇಡಿಸ್ಮಿತ್’ ಎಂಬ ಪುಟ್ಟ .22 ರಿವಾಲ್ವರನ್ನು ಹೊರತಂದಿತ್ತು. 1921ರಲ್ಲಿ ನಿಲ್ಲಿಸಿ, 1989ರಲ್ಲಿ ಅದೇ ಹೆಸರನ್ನು ಮತ್ತೆ ಎತ್ತಿಕೊಂಡಿತು. ಚಾರ್ಟರ್ ಆರ್ಮ್ಸ್ ಎಂಬ ಇನ್ನೊಂದು ಕಂಪನಿಯ ‘ಪಿಂಕ್ ಲೇಡಿ’ .38 ಬೋರಿನದು, ಬಣ್ಣ ಗುಲಾಬಿ, ತೂಕ ಕೇವಲ 12 ಔನ್ಸ್, ಅಂದರೆ ಸುಮಾರು 340 ಗ್ರಾಂ. .38 ತೋಟಾದ ಒದೆತವನ್ನು 340 ಗ್ರಾಮಿನ ಲೋಹದಲ್ಲಿ ತುಂಬಿ, ಅದಕ್ಕೆ ಗುಲಾಬಿ ಬಣ್ಣ ಬಳಿದು ‘ಇದು ಹೆಂಗಸರಿಗೆ’ ಎನ್ನುವುದು ಎಂಥ ಉಪಕಾರ! ನಮ್ಮವರು ಅಂತರಜಾಲದಲ್ಲಿ ಓದುವುದು ಇವುಗಳ ಪ್ರಶಂಸೆಯನ್ನೇ. ಆದರೆ ಅದೇ ಅಮೆರಿಕದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಒಳ್ಳೆಯ ಒಂದು ದಾಂಪತ್ಯವಿದೆ. ಐದು ಅಡಿ ಎತ್ತರದ ಆ್ಯನಿ ಓಕ್ಲೆ ಎಂಬ ಹಳ್ಳಿಯ ಹುಡುಗಿ ಫ್ರ್ಯಾಂಕ್ ಬಟ್ಲರ್ ಎಂಬ ವೃತ್ತಿಪರ ಗುರಿಕಾರನನ್ನು ಪಂದ್ಯದಲ್ಲಿ ಸೋಲಿಸಿದಳು. ಆತ ಅವಳನ್ನು ಮದುವೆಯಾದ. ಕೆಲವು ಕಾಲದ ಮೇಲೆ ತಾನು ರಂಗದಿಂದ ಹಿಂದೆ ಸರಿದು ಅವಳ ಪ್ರದರ್ಶನಗಳ ವ್ಯವಸ್ಥಾಪಕನಾಗಿ ನಿಂತ. ಹೆಂಡತಿಯ ಬಂದೂಕಿನ ವಿಷಯದಲ್ಲಿ ಗಂಡ ಮಾಡಬಹುದಾದ ಅತ್ಯುತ್ತಮ ಕೆಲಸವನ್ನು ಬಟ್ಲರ್ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದಾನೆ.

ಇಷ್ಟು ದೂರ ಹೋಗುವುದೂ ಬೇಡ. ದೆಹಲಿಯಿಂದ ಒಂದೆರಡು ಗಂಟೆ ದಾರಿಯಲ್ಲಿ, ಬಾಗಪತ್ ಜಿಲ್ಲೆಯ ಜೋಹ್ರಿ ಎಂಬ ಹಳ್ಳಿಯಿದೆ. ಅಲ್ಲಿನ ಚಂದ್ರೋ ತೋಮರ್ ಅರವತ್ತು ದಾಟಿದ ಅಜ್ಜಿ. 1999ರಲ್ಲಿ ಮೊಮ್ಮಗಳನ್ನು ಊರಿನ ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋದವರು ತಾವೇ ಪಿಸ್ತೂಲು ಕೈಗೆತ್ತಿಕೊಂಡರು, ಗುರಿ ತಾಗಿತು. ಅವರ ಓರಗಿತ್ತಿ ಪ್ರಕಾಶಿ ತೋಮರ್ ಕೂಡ ಸೇರಿದರು. ಸೆರಗು ತಲೆಯ ಮೇಲಿಂದ ಜಾರದಂತೆ ನಿಂತು ಗುರಿ ಹಿಡಿದ ಆ ಇಬ್ಬರಿಗೂ ಗಂಡಂದಿರು ಏನನ್ನೂ ಕೊಡಿಸಿರಲಿಲ್ಲ. 2019ರಲ್ಲಿ ಹಿಂದಿ ಸಿನಿಮಾ ಬಂದ ಮೇಲೆ ಎಲ್ಲರಿಗೂ ಅವರ ಹೆಸರು ಗೊತ್ತಾಯಿತು. ಚಂದ್ರೋ 2021ರಲ್ಲಿ ತೀರಿಕೊಂಡರು. ಅವರ ಕೈಗೆ ಮೊದಲು ಬಂದದ್ದು ಕ್ಲಬ್ಬಿನ ಪಿಸ್ತೂಲು. ಮನೆಯೊಳಗೆ ಬೀರುವಿನಲ್ಲಿಟ್ಟ ಕಾಣಿಕೆಯಲ್ಲ, ಊರಿನ ಎಲ್ಲ ಮಕ್ಕಳೂ ಹಿಡಿಯುತ್ತಿದ್ದ ಪಿಸ್ತೂಲು.

ಇಲ್ಲಿಗೆ ಬರುವಷ್ಟರಲ್ಲಿ ಯಾರಾದರೂ ಕೊಡಗಿನ ಮಾತೆತ್ತುವುದು ಖಂಡಿತ. ಎತ್ತಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ವಿಷಯದಲ್ಲಿ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಂಗಸರೂ ನಿಲ್ಲುತ್ತಾರೆ. ಅವರು ಎತ್ತಿಕೊಳ್ಳುವುದು ಮನೆಯ ಕೋವಿಯನ್ನೇ. ಹೆಂಗಸರ ಕೋವಿ ಎಂಬ ಪ್ರತ್ಯೇಕ ಜಾತಿಯೊಂದು ಅಲ್ಲಿ ಹುಟ್ಟಿಲ್ಲ. ಹಾಗೆಂದು ಕೊಡಗನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಗಂಡುಮಗು ಹುಟ್ಟಿದಾಗ ಕೋವಿ ಹಾರಿಸಿ ಊರಿಗೆ ತಿಳಿಸುತ್ತಿದ್ದ ಸಂಪ್ರದಾಯವೂ ಅಲ್ಲಿಯದೇ.

ಸರಿ, ಕ್ರೀಡೆಯ ಮಾತು ಬಿಡಿ, ನಾವು ಕೇಳುತ್ತಿರುವುದು ಆತ್ಮರಕ್ಷಣೆಗೆ, ಕೈಚೀಲದಲ್ಲಿ ಹಿಡಿಸಬೇಕು, ಅದಕ್ಕೇ ಚಿಕ್ಕದು ಎನ್ನುವವರಿದ್ದಾರೆ. ಈ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈ ನಗರದಲ್ಲಿ ರಾತ್ರಿ ಒಂಬತ್ತರ ನಂತರ ಆಟೋ ಹತ್ತುವಾಗ ಹೆಂಗಸಿನ ಹೊಟ್ಟೆಯಲ್ಲಿ ಆಗುವ ತಳಮಳ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಅತ್ಯಾಚಾರದ ಉದ್ದೇಶದಿಂದ ಮೇಲೆರಗಿದವನ ಪ್ರಾಣವನ್ನು ತೆಗೆಯುವಷ್ಟರ ಮಟ್ಟಿಗೂ ಆತ್ಮರಕ್ಷಣೆಯ ಹಕ್ಕು ವಿಸ್ತರಿಸುತ್ತದೆ ಎಂದು ಹಳೆಯ ದಂಡಸಂಹಿತೆಯ 100ನೆಯ ಕಲಮು ಹೇಳಿತ್ತು, ಈಗಿನ ನ್ಯಾಯಸಂಹಿತೆಯ 38ನೆಯದು ಹೇಳುತ್ತದೆ. ಹಕ್ಕಿದೆ. ಆದರೆ ಕೈಚೀಲದ ಆ ರಿವಾಲ್ವರ್ ಎಲ್ಲಿಯ ತನಕ ಹೋಗುತ್ತದೆ? ದೆಹಲಿ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಸಿಐಎಸ್ಎಫ್ ತಪಾಸಣೆಯನ್ನು ದಾಟುವುದಿಲ್ಲ. ನನ್ನ ಕಚೇರಿಯ ಗೇಟನ್ನು ದಾಟುವುದಿಲ್ಲ. ಮಾಲು, ಸಿನಿಮಾ ಮಂದಿರ, ಆಸ್ಪತ್ರೆ ಯಾವುದರ ಬಾಗಿಲನ್ನೂ ದಾಟುವುದಿಲ್ಲ. ಚುನಾವಣೆ ಘೋಷಣೆಯಾದರೆ ಠಾಣೆಯಲ್ಲಿ ಠೇವಣಿಯಿಡಬೇಕಾಗಿ ಬರಬಹುದು. ಸ್ವಂತ ಕಾರಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವವಳಿಗೆ ಮಾತ್ರ ಅದು ಸಂಗಾತಿ; ಬಸ್ಸು, ಮೆಟ್ರೋಗಳಲ್ಲಿ ಓಡಾಡುವವಳಿಗೆ ಅಲ್ಲ. ಯಾರ ನೆನಪಿನಲ್ಲಿ ಆ ಹೆಸರನ್ನು ಇಟ್ಟರೋ ಆ ಹುಡುಗಿ ಅಂದು ಹತ್ತಿದ್ದು ಬಸ್ಸನ್ನೇ.

ಆದ್ದರಿಂದ ಚಿಕ್ಕ ರಿವಾಲ್ವರಿನ ನಿಜವಾದ ವಾಸಸ್ಥಾನ ಕೈಚೀಲವಲ್ಲ, ಮನೆಯ ಬೀರು. ಮನೆಯೊಳಗೆ ಅದು ಯಾರಿಂದ ಯಾರನ್ನು ಕಾಯುತ್ತದೆ? ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋದ ವರದಿಗಳಲ್ಲಿ ವರ್ಷ ವರ್ಷವೂ ಹೆಂಗಸರ ಮೇಲಿನ ಅಪರಾಧಗಳ ಅತಿ ದೊಡ್ಡ ಪಾಲು ಗಂಡ ಮತ್ತು ಅವನ ಬಂಧುಗಳು ಕೊಡುವ ಹಿಂಸೆಯದು. ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಪರಿಚಿತರೇ. ಕ್ಯಾಲಿಫೋರ್ನಿಯಾದಲ್ಲಿ ಲಕ್ಷಾಂತರ ಜನರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೈಬಂದೂಕಿನ ಮಾಲೀಕರೊಡನೆ ಒಂದೇ ಮನೆಯಲ್ಲಿ ವಾಸಿಸುವವರು ಸಂಗಾತಿಯ ಗುಂಡಿಗೆ ಬಲಿಯಾಗುವ ಸಂಭವ, ಬಂದೂಕಿಲ್ಲದ ಮನೆಯವರಿಗಿಂತ ಏಳು ಪಟ್ಟು ಹೆಚ್ಚು ಎಂದು ಕಂಡುಬಂತು; ಬಲಿಯಾದವರಲ್ಲಿ ಬಹುಪಾಲು ಹೆಂಗಸರು. ಅದೇ ತಂಡ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇನ್ನೂ ಕಠೋರ. ಕೈಬಂದೂಕು ಹೊಂದಿದ ಹೆಂಗಸರಲ್ಲಿ ಬಂದೂಕಿನಿಂದಾಗುವ ಆತ್ಮಹತ್ಯೆಯ ಪ್ರಮಾಣ, ಹೊಂದಿರದ ಹೆಂಗಸರಿಗಿಂತ 35 ಪಟ್ಟು. ಅಮೆರಿಕದ ಅಂಕೆಗಳನ್ನು ಹಾಗೆಯೇ ಇಲ್ಲಿಗೆ ತಂದು ಅಂಟಿಸಲಾಗದು; ಆದರೆ ಬೇಡದೆ ಬಂದ ಆಯುಧವೊಂದು ಮನೆಯಲ್ಲಿ ಕೂತಿರುವುದು ಸುರಕ್ಷತೆ ಎಂಬ ಭ್ರಮೆಯನ್ನು ಒಡೆಯಲು ಅಷ್ಟು ಸಾಕು. ಇಂಗ್ಲಿಷ್ ಎಂ.ಎ. ಓದುವಾಗ ಇಬ್ಸನ್ನನ ಹೆಡ್ಡಾ ಗಾಬ್ಲರಳ ಪಿಸ್ತೂಲುಗಳನ್ನು ನಾವು ಸಂಕೇತಗಳೆಂದು ಚರ್ಚಿಸಿದ್ದೆವು. ಅವು ಸಂಕೇತಗಳಾಗುವುದಕ್ಕೆ ಮೊದಲು ಬೇಸರಗೊಂಡ ಹೆಂಗಸೊಬ್ಬಳ ಮೇಜಿನ ಖಾನೆಯಲ್ಲಿ ಬೀಗವಿಲ್ಲದೆ ಬಿದ್ದಿದ್ದ ನಿಜವಾದ ಪಿಸ್ತೂಲುಗಳು ಎಂಬುದು ನನಗೆ ರೇಂಜಿಗೆ ಹೋಗಲು ಶುರುಮಾಡಿದ ಮೇಲೆ ಹೊಳೆಯಿತು.

ಆದ್ದರಿಂದ, ಕೊಡಿಸಬೇಕೆನ್ನುವ ಮಹನೀಯರೇ, ಮೊದಲು ಒಂದು ಪ್ರಶ್ನೆಯನ್ನು ಮನೆಯಲ್ಲಿ ಕೇಳಿ. ‘ನಿನಗೆ ಬೇಕೇ?’ ಬೇಡವೆಂದರೆ ಮಾತು ಅಲ್ಲಿಗೆ ಮುಗಿಯಿತು, ಒಪ್ಪಿಸಲು ಹೋಗಬೇಡಿ. ಬೇಕೆಂದರೆ ಅಂಗಡಿಗೆ ಕರೆದೊಯ್ಯಬೇಡಿ, ಕ್ಲಬ್ಬಿಗೆ ಅವಳೇ ಹೋಗಲಿ. ತುಘಲಕಾಬಾದಿನಲ್ಲಿ ಕರ್ಣಿ ಸಿಂಗ್ ರೇಂಜ್ ಇದೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿಯೂ ರೈಫಲ್ ಸಂಘಗಳಿವೆ. ಅಲ್ಲಿ ಮೊದಲು ಏರ್ ಪಿಸ್ತೂಲು, ಸದ್ದಿಲ್ಲದ್ದು, ಒದೆತವಿಲ್ಲದ್ದು. ಅವಳ ಯಾವ ಕಣ್ಣು ಪ್ರಬಲ ಎಂಬುದು ಮೊದಲ ದಿನವೇ ತಿಳಿಯಬೇಕು. ಬಲಗೈಯವರಿಗೆಲ್ಲ ಬಲಗಣ್ಣೇ ಪ್ರಬಲವಾಗಿರುವುದಿಲ್ಲ. ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ ವಾರಗಟ್ಟಲೆ ನಡೆಯಲಿ. ಆಮೇಲೆ ಕ್ಲಬ್ಬಿನ ಪೂರ್ಣ ತೂಕದ .22 ಪಿಸ್ತೂಲು. .22 ತೋಟಾದ ಗುಂಡು ಎರಡೂವರೆ ಗ್ರಾಮಿನ ಆಸುಪಾಸಿನದು; ಒಂದು ಕಿಲೋ ಉಕ್ಕಿನಲ್ಲಿ ಅದರ ಒದೆತ ಮಗು ಕೈತಟ್ಟಿದಷ್ಟು. ಕಿವಿಗೆ ರಕ್ಷೆ, ಕಣ್ಣಿಗೆ ಕನ್ನಡಕ ಎರಡೂ ಕಡ್ಡಾಯ. ಐದಾರು ಬಗೆಯ ಪಿಸ್ತೂಲುಗಳನ್ನು, ರಿವಾಲ್ವರುಗಳನ್ನು ಅವಳು ಹಿಡಿದು ನೋಡಲಿ. ಪಿಸ್ತೂಲಿನ ಸ್ಲೈಡ್ ಎಳೆಯಲು ಹೆಂಗಸರಿಗೆ ಬಲ ಸಾಲದು ಎಂಬ ಮಾತನ್ನು ನಂಬಬೇಡಿ. ಅದು ತೋಳ್ಬಲದ ವಿಷಯವಲ್ಲ, ಒಂದು ಕೈ ಎಳೆಯುವಾಗ ಇನ್ನೊಂದು ಕೈ ದೂಡುವ ಉಪಾಯ, ಒಳ್ಳೆಯ ತರಬೇತುದಾರ ಹತ್ತು ನಿಮಿಷದಲ್ಲಿ ಕಲಿಸುತ್ತಾನೆ. ಕೆಲವು ತಿಂಗಳ ನಂತರವೂ ಅವಳಿಗೆ ತನ್ನದೇ ಒಂದು ಬೇಕೆನಿಸಿದರೆ, ಯಾವುದು ಬೇಕೆಂದು ನಿಮಗೂ ನನಗೂ ಅವಳೇ ಹೇಳುತ್ತಾಳೆ. ಅರ್ಜಿಯನ್ನೂ ಅವಳೇ ಬರೆಯುತ್ತಾಳೆ. ಬೀಗದ ಪೆಟ್ಟಿಗೆಯ ಕೀಲಿ ಅವಳ ಬಳಿಯೇ ಇರಬೇಕು, ನಿಮ್ಮ ಬಳಿ ಪ್ರತಿ ಇರಬಾರದು. ಅದು ಅಪನಂಬಿಕೆಯಲ್ಲ, ಕಾನೂನು.

ಇನ್ನೊಂದು ಮಾತು, ಅದೂ ಅನುಭವದಿಂದ. ನೀವೇ ಕಲಿಸಲು ಹೋಗಬೇಡಿ. ಹೆಂಡತಿಗೆ ಸ್ಕೂಟರ್ ಕಲಿಸಿದ ಗಂಡಂದಿರೆಲ್ಲರಿಗೂ, ಗಂಡನಿಂದ ಕಾರು ಕಲಿತ ಹೆಂಡಂದಿರೆಲ್ಲರಿಗೂ ಇದರ ಕಾರಣ ಗೊತ್ತು. ರೇಂಜಿನಲ್ಲಿ ಹಿಂದಿನಿಂದ ‘ಕೈ ಬಿಗಿ ಹಿಡಿ, ಉಸಿರು ಬಿಡು, ಹಾಗಲ್ಲ ಹೀಗೆ’ ಎನ್ನುವ ಧ್ವನಿ .38 ತೋಟಾದ ಒದೆತಕ್ಕಿಂತ ಹೆಚ್ಚು ಬೆಚ್ಚಿಸುತ್ತದೆ. ಮೊದಲ ದಿನ ಫೈರಿಂಗ್ ಲೈನಿನಿಂದ ದೂರ, ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಒಂದೂವರೆ ಗಂಟೆ ಹಿಡಿಯುತ್ತದೆ. ಓದಲು ಏನಾದರೂ ತೆಗೆದುಕೊಂಡು ಹೋಗಿ. ಅವಳು ಹೊರಗೆ ಬಂದಾಗ ಕೈಯಲ್ಲಿ ಗುರಿಯ ಕಾಗದವಿರುತ್ತದೆ, ತೂತುಗಳು ಕಪ್ಪು ವೃತ್ತದಿಂದ ಆಚೆಯೇ ಹೆಚ್ಚಿರುತ್ತವೆ. ಅದನ್ನು ಅವಳಾಗಿಯೇ ತೋರಿಸಿದರೆ ನೋಡಿ.